ನಮ್ಮ ಹೊಲದಲ್ಲಿ ಕಬ್ಬಿಣ ಯುಗದ ಆವರಣ ಇದೆ, ಏನು ಮಾಡಬಹುದು, ಏನು ಮಾಡಬಾರದು?

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು. ಗಂಡ ಹೆಂಡತಿ ಇಬ್ಬರಿಗೂ ವೇಲ್ಸ್‌ನಲ್ಲಿ ಆಸ್ಪತ್ರೆ ಕೆಲಸ. ಈಚೆಗೆ ಕಾರ್ಮಾರ್ಥೆನ್‌ಶೈರ್‌ನ ಹಳ್ಳಿಯೊಂದರಲ್ಲಿ ಹಳೇ ಮನೆ, ಜೊತೆಗೆ ಐದು ಎಕರೆ ಹುಲ್ಲುಗಾವಲು ಕೊಂಡೆವು. ಹೊಲದ ಮೇಲ್ತುದಿಯಲ್ಲಿ ದುಂಡಗೆ ಒಂದು ಮಣ್ಣಿನ ದಿಬ್ಬ ಸುತ್ತುವರಿದಿದೆ. ಹೆಚ್ಚೆಂದರೆ ಸೊಂಟದೆತ್ತರ. ಅದು ಇತಿಹಾಸಪೂರ್ವ ಕಾಲದ ಆವರಣ, 'ಶೆಡ್ಯೂಲ್ಡ್ ಮಾನ್ಯುಮೆಂಟ್', ಅಂದರೆ ಸರ್ಕಾರದ ಪಟ್ಟಿಗೆ ಸೇರಿದ ಸಂರಕ್ಷಿತ ಸ್ಮಾರಕ ಎಂದು ವಕೀಲರು ಹೇಳಿದರು. ಆವಾಗಿನಿಂದ ಮನೆಯಲ್ಲಿ ಚರ್ಚೆ ನಿಂತಿಲ್ಲ. ಬಾದಾಮಿಯಲ್ಲಿ ನಮ್ಮ ಚಿಕ್ಕಪ್ಪ ಸ್ಮಾರಕದ ಹತ್ತಿರ ಇದ್ದಾರೆ ಅನ್ನೋ ಒಂದೇ ಕಾರಣಕ್ಕೆ ಮಹಡಿ ಕಟ್ಟಲು ಆಗಲಿಲ್ಲ. ಇಲ್ಲೂ ಹಾಗೇನಾ? ಸರ್ಕಾರ ಜಾಗ ತೆಗೆದುಕೊಳ್ಳಬಹುದಾ? ಕಂಡವರೆಲ್ಲ ನೋಡೋಕೆ ಬರಬಹುದಾ? ಅಲ್ಲೇ ಬಿಸಿಲು ಚೆನ್ನಾಗಿ ಬೀಳುವುದರಿಂದ ಸೇಬಿನ ಗಿಡ ಹಾಕಿ, ಪಾಲಿಟನಲ್ (ಪ್ಲಾಸ್ಟಿಕ್ ಹೊದಿಸಿದ ಕಮಾನಿನ ಹಸಿರುಮನೆ) ಕಟ್ಟಿ, ಸುತ್ತ ಬೇಲಿ ಹಾಕೋಣ ಅಂದುಕೊಂಡಿದ್ದೆವು. ದಿಬ್ಬದ ತುಂಬ ಮೊಲದ ಬಿಲಗಳಿವೆ. ಪಕ್ಕದ ರೈತರು ಅದು ರೋಮನ್ನರ ಕೋಟೆ, ಒಳಗೆ ಚಿನ್ನ ಇದ್ದರೂ ಇರಬಹುದು ಅಂದಮೇಲೆ ಮಗ ಮೆಟಲ್ ಡಿಟೆಕ್ಟರ್ ಬೇಕು ಎಂದು ಹಟ ಹಿಡಿದಿದ್ದಾನೆ. ಊರಿನಿಂದ ಬಂದಿರುವ ಮಾವನವರಿಗೆ ಮಾತ್ರ ಇದು ಸ್ಮಶಾನವೇ ಇರಬೇಕು ಅಂತ ಅನುಮಾನ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಮಸ್ಕಾರ ಮೇಡಂ. ಗುಂಡಿ ತೋಡುವ ಮೊದಲೇ ಕೇಳಿದಿರಲ್ಲ, ಅದು ತುಂಬ ಒಳ್ಳೆಯದಾಯಿತು. ನಮ್ಮಂಥ ಪುರಾತತ್ವದವರಿಗೆ ಫೋನ್ ಬರುವುದು ಸಾಮಾನ್ಯವಾಗಿ ಜೆಸಿಬಿ ಬಂದು ಹೋದ ಮೇಲೆ. ಆಗ ಮಾಡಲು ಉಳಿದಿರುವುದು ಬಹಳ ಕಡಿಮೆ.

ನಿಮ್ಮ ಪತ್ರದಲ್ಲಿ ಎರಡು ಥರದ ಚಿಂತೆ ಇದೆ. ಜಾಗ ನಮ್ಮ ಕೈಯಲ್ಲಿ ಉಳಿಯುತ್ತಾ ಅನ್ನೋದು ಒಂದು. ಗಿಡ, ಬೇಲಿ, ಮೊಲ, ಮಗನ ಡಿಟೆಕ್ಟರ್ ಇವೆಲ್ಲ ಇನ್ನೊಂದು. ಮೊದಲನೆಯದಕ್ಕೆ ನೀವು ಹೆದರಬೇಕಾಗಿಲ್ಲ. ಎರಡನೆಯದರಲ್ಲಿ ಸ್ವಲ್ಪ ಹುಷಾರಾಗಿರಬೇಕು.

ಜಾಗ ನಿಮ್ಮದೇ. ಪಟ್ಟಿಗೆ ಸೇರಿದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. ವೇಲ್ಸ್‌ನಲ್ಲಿ ಇಂಥ ಸಂರಕ್ಷಿತ ಸ್ಮಾರಕಗಳು 4,200ರ ಆಸುಪಾಸು ಇವೆ. ಅವುಗಳಲ್ಲಿ ಬಹುಪಾಲು ರೈತರ, ಖಾಸಗಿಯವರ ಜಮೀನಿನಲ್ಲೇ ಇವೆ. ಜನ ಬಂದು ನೋಡುವ ಹಕ್ಕೂ ಇದರಿಂದ ಹುಟ್ಟುವುದಿಲ್ಲ. ಹೊಲದ ಮೂಲಕ ಸಾರ್ವಜನಿಕ ಕಾಲುದಾರಿ ಹಾದುಹೋಗಿದ್ದರೆ ಆ ದಾರಿಯಲ್ಲಿ ಜನ ನಡೆಯಬಹುದು, ಆದರೆ ಅದಕ್ಕೂ ದಿಬ್ಬಕ್ಕೂ ಸಂಬಂಧ ಇಲ್ಲ. ಕೆಲವು ವರ್ಷಕ್ಕೊಮ್ಮೆ ಕ್ಯಾಡೂ ಕಡೆಯಿಂದ ಒಬ್ಬರು ಬಂದು ಸ್ಮಾರಕ ಹೇಗಿದೆ ಎಂದು ನೋಡಿಕೊಂಡು ಹೋಗುತ್ತಾರೆ. ಕ್ಯಾಡೂ ಅಂದರೆ ವೇಲ್ಸ್ ಸರ್ಕಾರದ ಪರಂಪರೆ ಇಲಾಖೆ. ಬಂದವರಿಗೆ ಒಂದು ಕಪ್ ಚಹಾ ಕೊಟ್ಟು, ಮನಸ್ಸಿನಲ್ಲಿರುವ ಪ್ರಶ್ನೆಗಳನ್ನೆಲ್ಲ ಕೇಳಿ. ನೂರಾರು ದಿಬ್ಬಗಳನ್ನು ನೋಡಿದ ಕಣ್ಣು ಅವರದು.

ಈಗ ಬಾದಾಮಿಯ ಮಾತು. ಭಾರತದಲ್ಲಿ 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಎಂದು ಗೆರೆ ಬಿತ್ತು. ನಿಮ್ಮ ಚಿಕ್ಕಪ್ಪನವರ ಕಷ್ಟ ಅಲ್ಲಿಂದ ಬಂದದ್ದು. ವೇಲ್ಸ್‌ನಲ್ಲಿ ಹೀಗೆ ಮೀಟರ್ ಲೆಕ್ಕದ ಗೆರೆ ಇಲ್ಲ. ನಕ್ಷೆಯಲ್ಲಿ ಗುರುತಿಸಿದ ಜಾಗದ ಒಳಗೆ ಕಾನೂನು ಬಹಳ ಬಿಗಿ, ಹೊರಗೆ ಸಾಮಾನ್ಯ ಯೋಜನಾ ನಿಯಮಗಳೇ ನಡೆಯುತ್ತವೆ. ಕಟ್ಟಡಕ್ಕೆ ಅನುಮತಿ ಕೇಳಿದಾಗ ಕೌನ್ಸಿಲ್‌ನವರು ಸ್ಮಾರಕದ ಸುತ್ತಲ ನೋಟಕ್ಕೆ ಧಕ್ಕೆ ಆಗುತ್ತಾ ಎಂದು ಗಮನಿಸುತ್ತಾರೆ. ಮನೆಯ ಹಿಂದೆ ಅಡುಗೆಮನೆ ಸ್ವಲ್ಪ ದೊಡ್ಡದು ಮಾಡೋಕೆ ಇದು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ದೊಡ್ಡ ಶೆಡ್ ಎಬ್ಬಿಸ್ತೀನಿ ಅಂದರೆ ಬೇರೆ ಮಾತು.

ಗುರುತಿಸಿದ ಜಾಗ ಯಾವುದು ಅಂತ ಊಹೆ ಮಾಡಲು ಹೋಗಬೇಡಿ. ಕ್ಯಾಡೂನವರ 'ಕೊವ್ ಕಮ್ರಿ' ಎಂಬ ನಕ್ಷೆ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮ ಹೊಲ ಹುಡುಕಿದರೆ ಸ್ಮಾರಕದ ಗಡಿ ಬಣ್ಣದಲ್ಲಿ ಕಾಣುತ್ತದೆ, ಮೇಲೆ ಒತ್ತಿದರೆ ಅದರ ಸಂಖ್ಯೆ, ವಿವರ ಬರುತ್ತದೆ. ಅದನ್ನು ಪ್ರಿಂಟ್ ತೆಗೆದು ಹಿಡಿದುಕೊಂಡು ಹೊಲದಲ್ಲಿ ನಿಂತು ನೋಡಿ. ಕಣ್ಣಿಗೆ ಕಾಣುವ ದಿಬ್ಬಕ್ಕಿಂತ ಗಡಿ ಹೊರಗಿರುವುದು ಸಾಮಾನ್ಯ. ಯಾಕಂದರೆ ದಿಬ್ಬದ ಹೊರಮಗ್ಗುಲಲ್ಲಿ ಒಂದು ಕಂದಕ ಇರುತ್ತದೆ, ಅದು ಮುಚ್ಚಿಹೋಗಿ ಮೇಲೆ ಹುಲ್ಲು ಬೆಳೆದಿರುತ್ತದೆ.

ನಿಮ್ಮ ಹೊಲದಲ್ಲಿರುವುದು ಏನು? ಕ್ಯಾಡೂ ವಿವರದಲ್ಲಿ ಹೆಚ್ಚಾಗಿ 'ರಕ್ಷಣಾ ಆವರಣ, ಬಹುಶಃ ಕಬ್ಬಿಣ ಯುಗದ್ದು' ಎಂದಿರುತ್ತದೆ. ಇಲ್ಲಿನ ಲೆಕ್ಕದಲ್ಲಿ ಕಬ್ಬಿಣ ಯುಗ ಅಂದರೆ ಕ್ರಿ.ಪೂ. 800ರ ಸುಮಾರಿನಿಂದ ರೋಮನ್ನರು ವೇಲ್ಸ್ ಗೆದ್ದ ಕ್ರಿ.ಶ. 70ರ ದಶಕದವರೆಗೆ. ಹಾಗಾಗಿ ನಿಮ್ಮ ಪಕ್ಕದ ರೈತರ ಮಾತು ಉಲ್ಟಾ ಆಗಿದೆ. ಇಂಥ ಆವರಣ ಕಟ್ಟಿದವರು ರೋಮನ್ನರು ಬರುವ ಮೊದಲೇ ಇಲ್ಲಿದ್ದ ಜನ. ರೋಮನ್ ಸೈನ್ಯದ ಕೋಟೆಗಳು ನೇರ ಗೋಡೆ, ಮೂಲೆ ಮಾತ್ರ ದುಂಡಗೆ, ಆಯತಾಕಾರ. ನಿಮ್ಮದು ಸುತ್ತಲೂ ದುಂಡು ಅಂತ ನೀವೇ ಬರೆದಿದ್ದೀರಿ.

'ಕೋಟೆ' ಅಂದ ಕೂಡಲೇ ನಮಗೆ ಚಿತ್ರದುರ್ಗ ಕಣ್ಮುಂದೆ ಬರುತ್ತದೆ. ಆ ಚಿತ್ರ ಮರೆತುಬಿಡಿ. ಬ್ರಿಟನ್ ಮತ್ತು ಐರ್ಲೆಂಡ್‌ನ ಬೆಟ್ಟಗೋಟೆಗಳನ್ನೆಲ್ಲ ಪಟ್ಟಿ ಮಾಡಿದಾಗ 4,147 ಸಿಕ್ಕವು. ಟ್ರೆರ್ ಕೈರಿಯಂಥ ದೊಡ್ಡವು, ಒಳಗೆ ನೂರಕ್ಕೂ ಹೆಚ್ಚು ಕಲ್ಲಿನ ಗುಡಿಸಲುಗಳಿರುವಂಥವು, ವೇಲ್ಸ್‌ನ ಉತ್ತರದಲ್ಲಿವೆ. ನೀವಿರುವ ನೈಋತ್ಯ ಮೂಲೆಯಲ್ಲಿ, ಅಂದರೆ ಕಾರ್ಮಾರ್ಥೆನ್‌ಶೈರ್, ಪೆಂಬ್ರೋಕ್‌ಶೈರ್, ಕೆರೆಡಿಗಿಯನ್ ಕಡೆ, ಚಿಕ್ಕವೇ ಜಾಸ್ತಿ. ಒಂದೆರಡು ಎಕರೆಗೂ ಕಡಿಮೆ ಜಾಗ. ಒಳಗೆ ಮರದ ಕಂಬ, ಹುಲ್ಲಿನ ಚಾವಣಿಯ ದುಂಡು ಮನೆಗಳು, ಧಾನ್ಯ ಇಡೋಕೆ ನಾಲ್ಕು ಕಂಬದ ಮೇಲೆ ಎತ್ತಿ ಕಟ್ಟಿದ ಕಣಜ. ಒಂದು ದೊಡ್ಡ ಕುಟುಂಬ, ಅವರ ದನ ಕುರಿ. ದಿಬ್ಬ ಕಂದಕ ಶತ್ರುವನ್ನು ತಡೆಯುತ್ತಿತ್ತು, ತೋಳವನ್ನೂ ತಡೆಯುತ್ತಿತ್ತು. 'ಇಲ್ಲಿ ಇಂಥವರ ಮನೆ ಇದೆ' ಎಂದು ದೂರದಿಂದಲೇ ತೋರಿಸುತ್ತಿತ್ತು ಕೂಡ. ಆ ಕಾಲದ ಸಮಾಧಿಗಳು ವೇಲ್ಸ್‌ನಲ್ಲಿ ಸಿಗುವುದೇ ಅಪರೂಪ. ಅಗೆದು ನೋಡದೆ ಯಾವ ಜಾಗದ ಬಗ್ಗೆಯೂ ನೂರಕ್ಕೆ ನೂರು ಹೇಳೋಕಾಗಲ್ಲ, ಆದರೆ ಮಾವನವರಿಗೆ ಧೈರ್ಯವಾಗಿ ಹೇಳಿ, ಇಂಥ ಆವರಣಗಳಲ್ಲಿ ಸಿಗುವುದು ಸಾಮಾನ್ಯವಾಗಿ ಒಲೆ, ಕಣಜ, ಮನೆಯ ಗುರುತುಗಳು. ಅಲ್ಲಿ ಜನ ಅಡುಗೆ ಮಾಡಿ, ಮಕ್ಕಳನ್ನು ಸಾಕಿ ಬದುಕಿದ್ದಾರೆ. ಮಾವನವರನ್ನು ಪೆಂಬ್ರೋಕ್‌ಶೈರ್‌ನ ಕಾಸ್ಟೆಲ್ ಹೆನ್ಲಿಸ್‌ಗೆ ಒಂದು ಸಲ ಕರೆದುಕೊಂಡು ಹೋಗಿ. ಅಲ್ಲಿ 1980ರ ದಶಕದಿಂದ ಅಗೆತ ನಡೆದು, ಹಳೆಯ ಮನೆಗಳು ನಿಂತಿದ್ದ ಜಾಗದ ಮೇಲೇ ದುಂಡು ಮನೆಗಳನ್ನು ಮತ್ತೆ ಕಟ್ಟಿದ್ದಾರೆ. ಒಳಗೆ ಹೋಗಿ ಒಲೆಯ ಪಕ್ಕ ಕೂರಬಹುದು.

ನೀವು ನೋಡುವುದು ದಿಬ್ಬ. ಕಾನೂನು ಮುಖ್ಯವಾಗಿ ಕಾಪಾಡುವುದು ಅದರ ಕೆಳಗಿನ, ಅದರ ನಡುವಿನ ಮಣ್ಣನ್ನು. ಇದು ಅರ್ಥವಾದರೆ ಮುಂದಿನ ನಿಯಮಗಳೆಲ್ಲ ತಾವಾಗಿ ಅರ್ಥವಾಗುತ್ತವೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಇಂಥ ಕಂದಕವೊಂದನ್ನು ಅಡ್ಡಡ್ಡ ಸೀಳಿ ಅಗೆದಾಗ ಕಾಣುವುದು ಹೀಗೆ. ತಳದಲ್ಲಿ ಮೊದಲ ಚಳಿಗಾಲಗಳಲ್ಲಿ ಬದಿಯಿಂದ ಕುಸಿದ ಕಲ್ಲುಚೂರು. ಅದರ ಮೇಲೆ ನುಣುಪಾದ ಬೂದುಬಣ್ಣದ ಹೂಳು. ನಡುವೆ ಬೆರಳು ದಪ್ಪದ ಕಪ್ಪು ಪಟ್ಟೆ, ಯಾರೋ ಒಲೆಯ ಬೂದಿ ತಂದು ಸುರಿದದ್ದು. ಆ ಪಟ್ಟೆಯ ಮಣ್ಣನ್ನು ನೀರಿನಲ್ಲಿ ಕದಡಿ ಜರಡಿ ಹಿಡಿದರೆ ಸುಟ್ಟು ಕರಿಯಾದ ಗೋಧಿ, ಬಾರ್ಲಿ ಕಾಳುಗಳು ತೇಲಿ ಬರುತ್ತವೆ. ಒಂದು ಕಾಳು ಸಾಕು, ರೇಡಿಯೋ ಕಾರ್ಬನ್ ಪರೀಕ್ಷೆಯಲ್ಲಿ ಕಾಲ ಗೊತ್ತಾಗುತ್ತದೆ. ಇಲ್ಲಿನ ಮಣ್ಣು ಹುಳಿ, ಮೂಳೆಯನ್ನು ತಿಂದುಬಿಡುತ್ತದೆ. ಕಬ್ಬಿಣ ಯುಗದ ಮಡಕೆಯೂ ಈ ಭಾಗದಲ್ಲಿ ಬಹಳ ಕಡಿಮೆ. ಹಾಗಾಗಿ ಆ ಕಾಳು, ಆ ಇದ್ದಿಲು ಬಿಟ್ಟರೆ ಕೈಗೆ ಸಿಗುವುದು ಹೆಚ್ಚೇನಿಲ್ಲ.

ಮನೆಯ ಗುರುತು ಇನ್ನೂ ಸೂಕ್ಷ್ಮ. ಕಂಬ ಕೊಳೆತುಹೋಗಿ ಅದರ ಗುಂಡಿ ತುಂಬಿಕೊಂಡ ಜಾಗ ಹಳದಿ ಮಣ್ಣಿನಲ್ಲಿ ಅಂಗೈ ಅಗಲದ ಕಪ್ಪು ಮಚ್ಚೆಯಾಗಿ ಕಾಣುತ್ತದೆ, ಅಷ್ಟೇ. ಅಂಥ ಮಚ್ಚೆಗಳು ದುಂಡಗೆ ಕೂಡಿದರೆ ಒಂದು ಮನೆ. ಎಷ್ಟೋ ಕಡೆ ಇವು ಹುಲ್ಲಿನಿಂದ ಒಂದು ಗೇಣು, ಎರಡು ಗೇಣು ಆಳದಲ್ಲೇ ಇರುತ್ತವೆ. ದಿಬ್ಬದ ಅಡಿಯಲ್ಲಂತೂ, ಅದನ್ನು ಕಟ್ಟುವ ದಿನ ಇದ್ದ ನೆಲವೇ ಮುಚ್ಚಿಕೊಂಡು ಉಳಿದಿರುತ್ತದೆ. ಆ ನೆಲದ ಪರಾಗದಿಂದ ಆಗ ಇಲ್ಲಿ ಕಾಡಿತ್ತೋ, ಹುಲ್ಲಿತ್ತೋ, ಉತ್ತ ಹೊಲ ಇತ್ತೋ ಎಂದು ಹೇಳಬಹುದು. ಈಗ ಯೋಚಿಸಿ, ಬೇಲಿಗೂಟದ ಯಂತ್ರ ಒಂದು ನಿಮಿಷದಲ್ಲಿ ಎರಡು ಅಡಿ ಗುಂಡಿ ಕೊರೆಯುತ್ತದೆ. ಆ ಗುಂಡಿ ಒಂದು ಕಂಬದ ಮಚ್ಚೆಯ ಮೇಲೇ ಬಿದ್ದರೆ, ಆ ಮನೆಯ ಆ ಗುರುತು ಇನ್ನು ಯಾರಿಗೂ ಸಿಗುವುದಿಲ್ಲ.

ಅದಕ್ಕೇ ಗಡಿಯ ಒಳಗೆ ನೆಲ ಕೆದಕುವ, ಮಣ್ಣು ತಂದು ಸುರಿಯುವ, ಏನಾದರೂ ಕಟ್ಟುವ ಕೆಲಸಕ್ಕೆ ಮೊದಲೇ ಲಿಖಿತ ಅನುಮತಿ ಬೇಕು. ಅದಕ್ಕೆ ಸ್ಮಾರಕ ಅನುಮತಿ ಅನ್ನೋಣ. ಅರ್ಜಿ ಕ್ಯಾಡೂಗೆ, ಶುಲ್ಕ ಇಲ್ಲ. ಇದು ಕೌನ್ಸಿಲ್ ಕೊಡುವ ಕಟ್ಟಡ ಅನುಮತಿಗಿಂತ ಬೇರೆ. ಒಂದು ಸಿಕ್ಕಿತು ಅಂತ ಇನ್ನೊಂದು ಬೇಡ ಅಂತಲ್ಲ. ಹಳೆಯ ಕೈಪಿಡಿಗಳಲ್ಲಿ 1979ರ ಕಾಯ್ದೆ ಎಂದಿರುತ್ತದೆ. ವೇಲ್ಸ್‌ನಲ್ಲಿ ಈಗ 2023ರ ಹೊಸ ಪರಂಪರೆ ಕಾಯ್ದೆ ಇದೆ, 2024ರ ನವೆಂಬರ್ 4ರಿಂದ ಜಾರಿಯಾಗಿದೆ. ಅನುಮತಿ ಇಲ್ಲದೆ ಕೆಲಸ ಮಾಡುವುದು ಅಪರಾಧ, ದಂಡ ಬೀಳುತ್ತದೆ. ಬೇಕೆಂತಲೇ ಹಾಳು ಮಾಡಿದರೆ ಜೈಲು ಶಿಕ್ಷೆಗೂ ಅವಕಾಶ ಇದೆ. 'ಗೊತ್ತಿರಲಿಲ್ಲ' ಎಂಬ ಸಮಜಾಯಿಷಿಗೂ ಈಗ ಜಾಗ ಕಡಿಮೆ. ತಿಳಿದುಕೊಳ್ಳಲು ಬೇಕಾದ ಪ್ರಯತ್ನ ಮಾಡಿದ್ದೆ ಎಂದು ಮಾಲೀಕರೇ ತೋರಿಸಬೇಕು. ನಿಮಗಂತೂ ವಕೀಲರೇ ಹೇಳಿಯಾಗಿದೆ. ಇದು ಹೆದರಿಸಲು ಹೇಳಿದ್ದಲ್ಲ. ಕೆಲಸಕ್ಕೆ ಬರುವ ಗುತ್ತಿಗೆದಾರ 'ಏನೂ ಆಗಲ್ಲ ಬಿಡಿ' ಅಂದಾಗ ನೆನಪಿರಲಿ ಅಂತ.

ಸೇಬಿನ ಗಿಡಕ್ಕೆ ಬರೋಣ. ಆವರಣದ ಒಳಗೆ ಬೇಡ. ಅರ್ಜಿ ಹಾಕಿದರೂ ಒಪ್ಪಿಗೆ ಸಿಗುವುದು ಕಷ್ಟ. ಬೇರು ಮಣ್ಣಿನ ಪದರಗಳನ್ನು ಕಲಸುತ್ತದೆ. ಅದಕ್ಕಿಂತ ಕೆಟ್ಟದ್ದು ಗಾಳಿ. ಅಟ್ಲಾಂಟಿಕ್ ಕಡೆಯ ಬಿರುಗಾಳಿಗೆ ಮರ ಬುಡಮೇಲಾದರೆ ಒಂದು ಗಾಡಿಯಷ್ಟು ಮಣ್ಣು ಬೇರಿನ ಜೊತೆ ಎದ್ದು ಬರುತ್ತದೆ. ನಿಜ ಹೇಳಬೇಕಂದರೆ ಗುಡ್ಡದ ನೆತ್ತಿಯಲ್ಲಿ ಸೇಬಿಗೂ ಸುಖ ಇಲ್ಲ. ಬಿಸಿಲು ಸಿಗುತ್ತದೆ, ಆದರೆ ಹೂ ಬಿಟ್ಟ ಹೊತ್ತಿಗೆ ಗಾಳಿ ಎಲ್ಲ ಉದುರಿಸುತ್ತದೆ. ಮನೆಯ ಹತ್ತಿರ, ತಗ್ಗಿನಲ್ಲಿ, ಹಳೇ ಬೇಲಿಸಾಲಿನ ಮರೆಯಲ್ಲಿ ಹಾಕಿ. ಗಡಿಗೆ ಅಂಟಿಕೊಂಡು ಹಾಕಬೇಡಿ. ಬೇರು ನಕ್ಷೆ ನೋಡಿಕೊಂಡು ಬೆಳೆಯುವುದಿಲ್ಲ.

ಪಾಲಿಟನಲ್‌ದೂ ಅದೇ ಕಥೆ. ಕಮಾನಿನ ಕೊಳವೆ ನೆಲಕ್ಕೆ ಇಳಿಯಬೇಕು, ಪ್ಲಾಸ್ಟಿಕ್ ಅಂಚು ಹೂಳಲು ಸುತ್ತ ಕಾಲುವೆ ತೋಡಬೇಕು, ನೀರಿನ ಪೈಪು ಬೇರೆ. ಮನೆ ಪಕ್ಕ ಇಟ್ಟರೆ ನೀರು, ಕರೆಂಟು ಎರಡೂ ಹತ್ತಿರ. ಜಾಗ ಆರಿಸುವಾಗ ಇನ್ನೊಂದು ಸಂಗತಿ ನೋಡಿ. ಆವರಣದ ದಿಬ್ಬದಲ್ಲಿ ಎಲ್ಲೋ ಒಂದು ಕಡೆ ತೆರಪು ಇರುತ್ತದೆ, ಅದು ಹಳೆಯ ಬಾಗಿಲು ಇರಬಹುದು. ಈ ಭಾಗದ ಕೆಲವು ಆವರಣಗಳಲ್ಲಿ ಬಾಗಿಲಿನಿಂದ ಎರಡು ಕಂದಕಗಳು ಹೊರಗೆ ಚಾಚಿಕೊಂಡು, ದನ ಹೊಡೆದು ತರುವ ಓಣಿಯಂತೆ ಹೋಗುತ್ತವೆ. ನೆಲದ ಮೇಲೆ ಅವು ಕಾಣುವುದೇ ಇಲ್ಲ. 2018ರ ಬೇಸಿಗೆಯ ಬರದಲ್ಲಿ ವೇಲ್ಸ್‌ನ ಹೊಲಗಳೆಲ್ಲ ಒಣಗಿದಾಗ, ಮುಚ್ಚಿದ ಕಂದಕಗಳ ಮೇಲಿನ ಹುಲ್ಲು, ಪೈರು ಮಾತ್ರ ಹಸಿರಾಗಿ ಉಳಿದವು. ಆಳದ ಮಣ್ಣಿನಲ್ಲಿ ತೇವ ಜಾಸ್ತಿ ಇರುತ್ತದಲ್ಲ, ಅದಕ್ಕೆ. ವೇಲ್ಸ್‌ನ ಪ್ರಾಚೀನ ಸ್ಮಾರಕಗಳ ದಾಖಲೆ ಇಡುವ ರಾಯಲ್ ಕಮಿಷನ್‌ನವರು ವಿಮಾನದಿಂದ ಫೋಟೋ ತೆಗೆದು ಯಾರಿಗೂ ಗೊತ್ತಿರದ ಎಷ್ಟೋ ನೆಲೆಗಳನ್ನು ಗುರುತಿಸಿದರು. ಅವರ 'ಕೊವ್ಲೈನ್' ಎಂಬ ಜಾಲತಾಣದಲ್ಲಿ ನಿಮ್ಮ ಆವರಣದ ದಾಖಲೆ ಇದೆಯಾ ನೋಡಿ. ಬಾಗಿಲಿನ ದಿಕ್ಕನ್ನು ಬಿಟ್ಟು ಪಾಲಿಟನಲ್ ಇಟ್ಟರೆ ಒಳ್ಳೆಯದು.

ಬೇಲಿ ಬಗ್ಗೆ ಮೊದಲು ಯಾಕೆ ಬೇಕು ಅಂತ ಕೇಳಿಕೊಳ್ಳಿ. ಸ್ಮಾರಕ ಕಾಪಾಡೋಕೆ ಅಂತ ಸುತ್ತ ಬೇಲಿ ಹಾಕಿ ಕುರಿ ಹೊರಗಟ್ಟುವವರು ಇದ್ದಾರೆ. ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪು ಅದು. ಕುರಿ ಮೇಯುವುದು ನಿಂತ ಕೆಲವೇ ವರ್ಷಗಳಲ್ಲಿ ಮುಳ್ಳುಪೊದೆ, ಬ್ರಾಕನ್ ಜರೀಗಿಡ, ಆಮೇಲೆ ಸಣ್ಣ ಮರಗಳು. ಬ್ರಾಕನ್‌ನ ಗೆಡ್ಡೆಬೇರು ನೆಲದಡಿ ಜಾಲದಂತೆ ಹಬ್ಬುತ್ತದೆ, ಪೊದೆಯ ಮರೆಯಲ್ಲಿ ಮೊಲ ನೆಮ್ಮದಿಯಾಗಿ ಬಿಲ ತೋಡುತ್ತದೆ. ಇಂಥ ಜಾಗಕ್ಕೆ ಹದವಾಗಿ ಕುರಿ ಮೇಯಿಸುವುದಕ್ಕಿಂತ ಒಳ್ಳೆಯ ಆರೈಕೆ ನಾನು ಕಂಡಿಲ್ಲ. ಅದಕ್ಕೆ ಯಾರ ಅನುಮತಿಯೂ ಬೇಡ. ಪಕ್ಕದ ರೈತರ ಜೊತೆ ಮಾತಾಡಿ. ನೆಲ ಒದ್ದೆಯಿರುವಾಗ ಭಾರದ ದನ ಬೇಡ, ಗೊರಸು ದಿಬ್ಬವನ್ನು ಕುಸಿಸುತ್ತದೆ. ಮೇವಿನ ಚೌಕಟ್ಟು, ನೀರಿನ ತೊಟ್ಟಿ, ಉಪ್ಪಿನ ಗಟ್ಟಿ ಎಲ್ಲ ಗಡಿಯಿಂದ ದೂರ ಇಡಿ. ಪ್ರಾಣಿಗಳು ಸೇರುವ ಕಡೆ ನೆಲ ಕೆಸರಾಗುತ್ತದೆ. ದಿಬ್ಬದ ತೆರಪಿನಲ್ಲೇ ಟ್ರ್ಯಾಕ್ಟರ್ ಓಡಾಡುತ್ತಿದ್ದರೆ, ಚಳಿಗಾಲದಲ್ಲಾದರೂ ಬೇರೆ ದಾರಿ ಹಿಡಿಯಲು ಹೇಳಿ. ಬೇಲಿ ಬೇಕೇ ಬೇಕು ಅಂದರೆ ಗಡಿಯ ಹೊರಗೆ ಹಾಕಿ.

ಮೊಲದ ಬಿಲ ನಿಜವಾದ ಅಪಾಯ. ನಿಮ್ಮ ಪಟ್ಟಿಯಲ್ಲಿ ಬೇಗ ಕೈಹಾಕಬೇಕಾದ್ದು ಇದೊಂದೇ. ಆದರೆ ಮೊದಲು ಅದು ಮೊಲದ್ದೇ ಎಂದು ಖಚಿತ ಮಾಡಿಕೊಳ್ಳಿ. ಬಾಯಿ ಅಗಲವಾಗಿ, ಎತ್ತರಕ್ಕಿಂತ ಅಗಲ ಜಾಸ್ತಿ ಇದ್ದು, ಮುಂದೆ ದೊಡ್ಡ ಮಣ್ಣಿನ ರಾಶಿ, ಅದರಲ್ಲಿ ಒಣಹುಲ್ಲು ಕಂಡರೆ ನೆಲದಲ್ಲಿ ಬಿಲ ತೋಡಿ ಬದುಕುವ ಬ್ಯಾಜರ್ ಎಂಬ ಪ್ರಾಣಿ ಇರಬಹುದು. ಬ್ಯಾಜರ್ ಗೂಡು ಮುಟ್ಟುವುದು 1992ರ ಕಾಯ್ದೆ ಪ್ರಕಾರ ಇನ್ನೊಂದು ಅಪರಾಧ, ಅದಕ್ಕೆ ಬೇರೆ ಪರವಾನಗಿ ಬೇಕು. ಮೊಲವೇ ಆದರೆ ಅನುಭವ ಇರುವವರನ್ನು ಕರೆಸಿ ಸಂಖ್ಯೆ ಕಡಿಮೆ ಮಾಡಿಸಬಹುದು. ಒಂದೇ ಷರತ್ತು, ಬಿಲ ಅಗೆದು ಹಿಡಿಯಕೂಡದು. ಬಿಲ ಮುಚ್ಚುವುದು, ಮೇಲೆ ತಂತಿಬಲೆ ಹಾಸುವುದು ಕ್ಯಾಡೂ ಒಪ್ಪಿಗೆಯ ಮೇಲೆ. ಇಂಥ ದುರಸ್ತಿಗೆ ಸ್ಮಾರಕದ ಮಾಲೀಕರಿಗೆ ಕ್ಯಾಡೂ ಹಣಕಾಸಿನ ನೆರವು ಕೊಡುವುದೂ ಇದೆ, ಕೇಳಿ ನೋಡಿ. ಬಿಲದ ಬಾಯಲ್ಲಿ ಬಿದ್ದ ಮಣ್ಣಿನಲ್ಲಿ ಇದ್ದಿಲು, ಮಡಕೆ ಚೂರು, ಮೊಟ್ಟೆಯಾಕಾರದ ನುಣುಪು ಕಲ್ಲು ಕಂಡರೆ ಅಲ್ಲೇ ಬಿಟ್ಟು ಫೋಟೋ ತೆಗೆಯಿರಿ. ನುಣುಪು ಕಲ್ಲು ಕವಣೆಗೆ ಆರಿಸಿಟ್ಟದ್ದೂ ಇರಬಹುದು. ಕಾಸ್ಟೆಲ್ ಹೆನ್ಲಿಸ್‌ನ ಬಾಗಿಲ ಹತ್ತಿರ ಅಂಥವು ರಾಶಿಯಾಗಿ ಸಿಕ್ಕಿದ್ದವು.

ಇನ್ನು ಮಗನ ಡಿಟೆಕ್ಟರ್. ಗಡಿಯೊಳಗೆ ಅದನ್ನು ಆನ್ ಮಾಡುವುದೇ ಅಪರಾಧ, ಜಮೀನು ನಿಮ್ಮದಾದರೂ ಸರಿ, ಅಗೆಯದಿದ್ದರೂ ಸರಿ. ನಾವು ವೃತ್ತಿಯವರು ನೆಲದಡಿ ನೋಡುವ ಯಂತ್ರ ತಂದರೂ ಮೊದಲು ಲಿಖಿತ ಒಪ್ಪಿಗೆ ಪಡೆಯಬೇಕು. ಇದನ್ನು ಅವನಿಗೆ ಹಾಗೇ ಹೇಳಿ, ಮಕ್ಕಳಿಗೆ ಅರ್ಥವಾಗುತ್ತದೆ. ಗಡಿಯ ಹೊರಗೆ, ನಿಮ್ಮ ಹಿತ್ತಲಲ್ಲಿ ಆಡಿಕೊಳ್ಳಲಿ. 300 ವರ್ಷಕ್ಕಿಂತ ಹಳೆಯ ಚಿನ್ನ, ಬೆಳ್ಳಿಯ ವಸ್ತು ಸಿಕ್ಕರೆ, ಅಥವಾ ಇತಿಹಾಸಪೂರ್ವ ಕಾಲದ ಕಂಚಿನ ವಸ್ತುಗಳು ಒಂದಕ್ಕಿಂತ ಹೆಚ್ಚು ಒಟ್ಟಿಗೆ ಸಿಕ್ಕರೆ, 1996ರ ನಿಧಿ ಕಾಯ್ದೆ ಪ್ರಕಾರ 14 ದಿನದೊಳಗೆ ತಿಳಿಸಬೇಕು. ಮ್ಯೂಸಿಯಂ ಕೊಂಡರೆ ಸಿಕ್ಕವರಿಗೂ ಜಮೀನಿನವರಿಗೂ ಬಹುಮಾನ ಹಂಚಿಕೆಯಾಗುತ್ತದೆ. ಆವರಣದಲ್ಲಿ ಚಿನ್ನದ ಆಸೆ ಮಾತ್ರ ಬಿಡಿ. ಇಲ್ಲಿ ಬದುಕಿದವರ ಸಂಪತ್ತು ದನಕರು, ಕಾಳು. ರಾತ್ರಿ ಹೊತ್ತು ಅಪರಿಚಿತರು ಟಾರ್ಚ್, ಡಿಟೆಕ್ಟರ್ ಹಿಡಿದು ಬಂದರೆ ನೀವು ಹೋಗಿ ಜಗಳಕ್ಕೆ ನಿಲ್ಲಬೇಡಿ, ಪೊಲೀಸರಿಗೆ ಫೋನ್ ಮಾಡಿ.

ಈ ವಾರ ಮಾಡಬೇಕಾದ ಕೆಲಸ ಒಂದು ಇ-ಮೇಲ್. ಸ್ಮಾರಕದ ಸಂಖ್ಯೆ ಬರೆಯಿರಿ. ದಿಬ್ಬದ ಫೋಟೋಗಳನ್ನು ಬೆಳಗ್ಗೆ ಅಥವಾ ಸಂಜೆ ತೆಗೆಯಿರಿ, ಬಿಸಿಲು ಓರೆಯಾಗಿ ಬಿದ್ದಾಗಲೇ ಏರುತಗ್ಗು ಕಾಣುವುದು. ಬಿಲಗಳ ಫೋಟೋ ಹತ್ತಿರದಿಂದ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಪಾಲಿಟನಲ್, ಗಿಡ, ಬೇಲಿ ಎಲ್ಲಿ ಅಂದುಕೊಂಡಿದ್ದೀರಿ ಎಂದು ಒಂದು ಕೈಚಿತ್ರ. ಅದನ್ನು ಕ್ಯಾಡೂಗೆ ಕಳಿಸಿ. ಗಡಿಯ ಹೊರಗಿನ ಕೆಲಸಕ್ಕೆ ಸಲಹೆ ಬೇಕಿದ್ದರೆ 'ಹೆನೆಬ್' ಎಂಬ ಪುರಾತತ್ವ ಸಂಸ್ಥೆ ಇದೆ. 2024ರ ಏಪ್ರಿಲ್‌ನಲ್ಲಿ ವೇಲ್ಸ್‌ನ ನಾಲ್ಕು ಹಳೆಯ ಟ್ರಸ್ಟ್‌ಗಳು ಸೇರಿ ಆದದ್ದು, ನಿಮ್ಮ ಕಡೆಯ ಕಚೇರಿ ಹಿಂದೆ ಡವೆಡ್ ಟ್ರಸ್ಟ್ ಆಗಿತ್ತು. ಉತ್ತರ ಬರುವವರೆಗೆ ಪಾಲಿಟನಲ್‌ಗೆ ಮುಂಗಡ ಕೊಡಬೇಡಿ. ಸೇಬಿನ ಸಸಿಗೆ ಅವಸರ ಇಲ್ಲ. ಮಣ್ಣಿಲ್ಲದ ಬೇರಿನ ಸಸಿಗಳನ್ನು ಇಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೂ ನೆಡುತ್ತಾರೆ, ತಗ್ಗಿನ ಜಾಗ ನೋಡಿಟ್ಟುಕೊಳ್ಳಿ.